ದವಡೆಯಲ್ಲಿ ಬೈರಿಗೆ: ನಿಧಾನ ಕಲಿತ ಯಂತ್ರದ ಕಥೆ

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬುದು ನಮ್ಮಲ್ಲಿ ಹಿಂದಿನಿಂದ ಬಂದ ಗಾದೆ. ಅದೃಷ್ಟದ ವಕ್ರತೆಯನ್ನು ಹೇಳಲು ಹುಟ್ಟಿದ ಮಾತಾದರೂ ಅದರೊಳಗೆ ವೃದ್ಧಾಪ್ಯದ ನಿಜವಾದ ಸಂಕಟವೊಂದು ಅಡಗಿದೆ. ಹಲ್ಲು ಹೋದ ಬಳಿಕ ಊಟದ ರುಚಿಯೊಂದೇ ಹೋಗುವುದಿಲ್ಲ. ಮಾತಿನ ಸ್ಪಷ್ಟತೆ, ಮುಖದ ಆಕಾರ, ನಾಲ್ಕು ಜನರೆದುರು ಬಾಯಿ ತೆರೆದು ನಗುವ ಧೈರ್ಯ ಇವೂ ಹೋಗುತ್ತವೆ. ಜೋಳದ ರೊಟ್ಟಿ ಬಿಟ್ಟು ಗಂಜಿಗೆ ಇಳಿದವರು, ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಊಟಕ್ಕೆ ಕೂರುವ ಮುನ್ನವೇ ತೆಗೆದು ಲೋಟದ ನೀರಿನಲ್ಲಿಡುವವರು ಎಷ್ಟೋ ಮನೆಗಳಲ್ಲಿದ್ದಾರೆ. ಅಗಿಯಲೆಂದು ಕಟ್ಟಿಸಿದ ಹಲ್ಲನ್ನು ಅಗಿಯುವ ಹೊತ್ತಿಗೇ ತೆಗೆದಿಡಬೇಕಾಗುವ ಈ ವಿಪರ್ಯಾಸ ಹೆಚ್ಚಾಗಿ ಕೆಳದವಡೆಯ ಸೆಟ್ಟಿನದು.

ಇದಕ್ಕೆ ಕಾರಣವಿದೆ. ಮೇಲಿನ ಸೆಟ್ಟಿಗೆ ಅಂಗುಳದ ವಿಶಾಲವಾದ ಆಸರೆ ಉಂಟು. ಅಲ್ಲಿ ಜೊಲ್ಲಿನ ತೆಳುಪದರದಿಂದ ಅದು ಹೀರಿಕೊಂಡಂತೆ ಅಂಟಿ ನಿಲ್ಲುತ್ತದೆ. ಕೆಳಗಿನ ಸೆಟ್ಟು ಕುದುರೆಯ ಲಾಳದ ಆಕಾರದ್ದು. ಅದಕ್ಕೆ ಅಂಗುಳವಿಲ್ಲ, ನಡುವೆ ಸದಾ ಚಲಿಸುವ ನಾಲಿಗೆ, ಹೊರಗೆ ಕೆನ್ನೆ ಮತ್ತು ತುಟಿಯ ಸ್ನಾಯುಗಳ ಎಳೆತ. ಸಾಲದೆಂಬಂತೆ, ಹಲ್ಲು ಕಿತ್ತ ಮೇಲೆ ದವಡೆಯ ದಿಂಡು ವರ್ಷದಿಂದ ವರ್ಷಕ್ಕೆ ಸವೆಯುತ್ತ ಹೋಗುತ್ತದೆ. ಪೂರ್ಣ ಸೆಟ್ಟು ಧರಿಸಿದವರನ್ನು 25 ವರ್ಷಗಳ ಅವಧಿಗೆ ಗಮನಿಸಿದ ಆಂಟ್ಯೆ ಟಾಲ್‌ಗ್ರೆನ್ ಎಂಬ ಸಂಶೋಧಕಿ 1972ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೆಳದವಡೆಯ ಈ ಸವೆತ ಮೇಲ್ದವಡೆಯದಕ್ಕಿಂತ ಸುಮಾರು ನಾಲ್ಕು ಪಟ್ಟು. ಸೆಟ್ಟು ಎಷ್ಟೇ ಚೆನ್ನಾಗಿ ಕೂತಿರಲಿ, ಅದರ ಕೆಳಗಿನ ನೆಲವೇ ಕುಸಿಯುತ್ತಿದ್ದರೆ ಅದು ನಿಲ್ಲುವುದಾದರೂ ಎಲ್ಲಿ?

ಈ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧ ಕೊಟ್ಟ ಉತ್ತರವೇ ಇಂಪ್ಲಾಂಟ್. ದವಡೆಯ ಮೂಳೆಯಲ್ಲಿ ರಂಧ್ರ ಕೊರೆದು, ಅದರಲ್ಲಿ ಲೋಹದ ಬೇರೊಂದನ್ನು ತಿರುಪಿ ಕೂರಿಸಿ, ಆ ಬೇರಿನ ಮೇಲೆ ಹಲ್ಲು ಕಟ್ಟುವ ವಿಧಾನ ಇದು. ಕೇಳಲು ಬಡಗಿಯ ಕೆಲಸದಂತೆ ತೋರುತ್ತದೆ: ಬೈರಿಗೆಯಿಂದ ತೂತು ಕೊರೆ, ತಿರುಪುಮೊಳೆ ಬಿಗಿ. ಆದರೆ ಮರ ಸತ್ತದ್ದು, ಮೂಳೆ ಜೀವಂತವಾದದ್ದು. ಈ ಒಂದು ವ್ಯತ್ಯಾಸವನ್ನು ಪೂರ್ಣವಾಗಿ ಅರ್ಥ ಮಾಡಿಕೊಳ್ಳಲು ವೈದ್ಯಶಾಸ್ತ್ರಕ್ಕೆ ಬಹಳ ಕಾಲ ಬೇಕಾಯಿತು. ಇಂಪ್ಲಾಂಟಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಲೋಹದ ಕಥೆಯನ್ನು ಹೇಳುತ್ತಾರೆ. ಅಷ್ಟೇ ಮುಖ್ಯವಾದದ್ದು ರಂಧ್ರದ ಕಥೆ.

ಮೆಹರ್‌ಗಢದಿಂದ ಮಧ್ಯ ಅಮೆರಿಕದವರೆಗೆ

ಹಲ್ಲು ಕೊರೆಯುವ ವಿದ್ಯೆಯ ಅತ್ಯಂತ ಹಳೆಯ ಸಾಕ್ಷ್ಯಗಳಲ್ಲೊಂದು ನಮ್ಮ ಉಪಖಂಡದ್ದೇ ಎಂಬುದು ಗಮನಾರ್ಹ. ಈಗ ಪಾಕಿಸ್ತಾನದಲ್ಲಿರುವ ಬಲೂಚಿಸ್ತಾನದ ಮೆಹರ್‌ಗಢದ ಸಮಾಧಿಗಳಲ್ಲಿ ದೊರೆತ ಒಂಬತ್ತು ಮಂದಿ ವಯಸ್ಕರ ಹನ್ನೊಂದು ದವಡೆಹಲ್ಲುಗಳಲ್ಲಿ ಕೊರೆದ ರಂಧ್ರಗಳಿವೆ. 2006ರಲ್ಲಿ ಪ್ರಕಟವಾದ ಅಧ್ಯಯನದಂತೆ ಅವುಗಳ ಪ್ರಾಯ 7,500ರಿಂದ 9,000 ವರ್ಷ. ಅಲ್ಲಿ ಮಣಿ ಮಾಡುವ ಕುಶಲಕರ್ಮಿಗಳು ಚಕಮಕಿ ಕಲ್ಲಿನ ಮೊನೆಯ ಬೈರಿಗೆಗಳನ್ನು ಬಳಸುತ್ತಿದ್ದರು. ಅದೇ ವಿದ್ಯೆ ಹಲ್ಲಿಗೂ ಬಂದಿರಬೇಕು. ಬಿಲ್ಲಿನ ಹುರಿಯಿಂದ ತಿರುಗಿಸುವ ಅಂಥ ಬೈರಿಗೆಯೊಂದನ್ನು ಸಂಶೋಧಕರು ಮರಳಿ ಮಾಡಿ ಪರೀಕ್ಷಿಸಿದಾಗ, ಹಲ್ಲಿನ ಗಟ್ಟಿ ಹೊರಪದರದಲ್ಲಿ ಅಷ್ಟು ರಂಧ್ರ ಕೊರೆಯಲು ಒಂದು ನಿಮಿಷವೂ ಹಿಡಿಯಲಿಲ್ಲ. ಕೆಲವು ಹಲ್ಲುಗಳ ರಂಧ್ರದ ಅಂಚು ಅಗಿದು ನುಣುಪಾಗಿದೆ. ಎಂದರೆ ಕೊರೆಸಿಕೊಂಡವರು ಆ ಬಳಿಕವೂ ಬದುಕಿ ಊಟ ಮಾಡಿದ್ದರು.

ಮೆಹರ್‌ಗಢದಲ್ಲಿ ಕೊರೆದದ್ದು ಹಲ್ಲನ್ನು, ದವಡೆಯನ್ನಲ್ಲ. ದವಡೆಗೇ ಹೊಸ ಬೇರು ಕೊಟ್ಟ ಪ್ರಾಚೀನ ಉದಾಹರಣೆಗಾಗಿ ಮಧ್ಯ ಅಮೆರಿಕಕ್ಕೆ ಹೋಗಬೇಕು. 1931ರಲ್ಲಿ ವಿಲ್ಸನ್ ಪೋಪೆನೋ ದಂಪತಿಗಳು ಹೊಂಡುರಾಸ್ ದೇಶದ ಉಲುವಾ ಕಣಿವೆಯಲ್ಲಿ ಕೆಳದವಡೆಯ ತುಣುಕೊಂದನ್ನು ಅಗೆದು ತೆಗೆದರು. ಕ್ರಿ.ಶ. 600ರ ಸುಮಾರಿನದೆಂದು ಹೇಳಲಾಗುವ ಆ ದವಡೆಯಲ್ಲಿ ಮೂರು ಬಾಚಿಹಲ್ಲುಗಳ ಜಾಗದಲ್ಲಿ ಹಲ್ಲಿನ ಆಕಾರಕ್ಕೆ ಕೆತ್ತಿದ ಚಿಪ್ಪಿನ ತುಂಡುಗಳಿದ್ದವು. ಶವಕ್ಕೆ ಅಲಂಕಾರವಾಗಿ ಇಟ್ಟಿರಬಹುದೆಂದು ಮೊದಲು ಭಾವಿಸಲಾಗಿತ್ತು. ಆದರೆ 1970ರ ದಶಕದ ಆರಂಭದಲ್ಲಿ ಬ್ರೆಜಿಲಿನ ಅಮಾಡಿಯೋ ಬಾಬಿಯೋ ಅದರ ಕ್ಷಕಿರಣ ಚಿತ್ರ ತೆಗೆದಾಗ ಎರಡು ಚಿಪ್ಪುಗಳ ಸುತ್ತ ಗಟ್ಟಿ ಮೂಳೆ ಬೆಳೆದಿದ್ದು ಕಂಡಿತು. ಸತ್ತವರ ದವಡೆಯಲ್ಲಿ ಮೂಳೆ ಬೆಳೆಯುವುದಿಲ್ಲ. ಆ ಚಿಪ್ಪಿನ ಹಲ್ಲು ಬದುಕಿದ್ದ ಬಾಯಿಯಲ್ಲೇ ಕೂತಿತ್ತು. ಇಲ್ಲಿ ಬೈರಿಗೆಯ ಮಾತಿಲ್ಲ, ಹಲ್ಲು ಹೋದ ಗೂಡನ್ನೇ ಬಳಸಿಕೊಂಡಿದ್ದರು. ಅಷ್ಟಾದರೂ, ಪರಕೀಯ ವಸ್ತುವಿಗೆ ಕೆಳದವಡೆಯ ಮೂಳೆ ಕೆಲವೊಮ್ಮೆ ಆಶ್ರಯ ಕೊಡುತ್ತದೆ ಎಂಬುದಕ್ಕೆ ಇದು ಹದಿನಾಲ್ಕು ಶತಮಾನ ಹಿಂದಿನ ಸಾಕ್ಷಿ.

ವೇಗದ ಹುಚ್ಚು

ಹತ್ತೊಂಬತ್ತನೆಯ ಶತಮಾನದಿಂದ ಈಚೆಗೆ ದಂತವೈದ್ಯರ ಬೈರಿಗೆಯ ಚರಿತ್ರೆಯೆಂದರೆ ವೇಗದ ಚರಿತ್ರೆಯೇ. 1871ರಲ್ಲಿ ಅಮೆರಿಕದ ಜೇಮ್ಸ್ ಮಾರಿಸನ್, ಹೊಲಿಗೆ ಯಂತ್ರದಂತೆ ಕಾಲಿನಿಂದ ತುಳಿದು ತಿರುಗಿಸುವ ಡ್ರಿಲ್ಲಿಗೆ ಪೇಟೆಂಟ್ ಪಡೆದ. 1875ರಲ್ಲಿ ಜಾರ್ಜ್ ಗ್ರೀನ್ ವಿದ್ಯುತ್ ಡ್ರಿಲ್ಲಿಗೆ ಪೇಟೆಂಟ್ ಪಡೆದ. 1957ರಲ್ಲಿ ಜಾನ್ ಬಾರ್ಡನ್ ಬಳಕೆಗೆ ತಂದ, ಗಾಳಿಯ ಒತ್ತಡದಿಂದ ತಿರುಗುವ ಏರೋಟರ್ ನಿಮಿಷಕ್ಕೆ 3 ಲಕ್ಷ ಸುತ್ತು ಮುಟ್ಟಿತು. ಇಂದು ಯಾವುದೇ ಊರಿನ ದಂತ ಚಿಕಿತ್ಸಾಲಯದಲ್ಲಿ ಕೇಳುವ ಆ ಕೀಚು ಸದ್ದು ಅದರ ವಂಶದ್ದೇ. ಹುಳುಕು ಹಲ್ಲನ್ನು ಸ್ವಚ್ಛಗೊಳಿಸುವ ಕೆಲಸಕ್ಕೆ ಈ ವೇಗ ವರವೇ ಆಯಿತು. ಕೆಲಸ ಬೇಗ ಮುಗಿಯಿತು, ಅದುರುವಿಕೆ ಕಡಿಮೆಯಾಯಿತು, ರೋಗಿಯ ಭಯವೂ ಒಂದಷ್ಟು ತಗ್ಗಿತು.

ಇದೇ ಕಾಲದಲ್ಲಿ ದವಡೆಯಲ್ಲಿ ಲೋಹ ನೆಡುವ ಯತ್ನಗಳೂ ನಡೆದಿದ್ದವು. 1913ರಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದ ಇ. ಜೆ. ಗ್ರೀನ್‌ಫೀಲ್ಡ್, ಇರಿಡಿಯಂ ಬೆರೆಸಿದ ಪ್ಲಾಟಿನಂ ತಂತಿಯನ್ನು ಚಿನ್ನದಿಂದ ಬೆಸೆದು ಮಾಡಿದ ಪುಟ್ಟ ಪಂಜರದಂಥ ಬೇರನ್ನು ವರ್ಣಿಸಿದ. ಅವನ ಜಾಣ್ಮೆ ಬೈರಿಗೆಯಲ್ಲಿತ್ತು. ಟೊಳ್ಳು ಕೊಳವೆಯಂತಿದ್ದ ಅದರ ಬಾಯಲ್ಲಿ ಗರಗಸದ ಹಲ್ಲುಗಳಿದ್ದವು. ಅದು ಮೂಳೆಯಲ್ಲಿ ಉಂಗುರದಂಥ ಕಾಲುವೆಯನ್ನಷ್ಟೇ ಕೊರೆದು ನಡುವಿನ ಮೂಳೆಯ ಕಂಬವನ್ನು ಹಾಗೇ ಉಳಿಸುತ್ತಿತ್ತು. ಪಂಜರ ಆ ಕಂಬದ ಸುತ್ತ ಕೂರುತ್ತಿತ್ತು. ರಂಧ್ರದ ಅಳತೆ ಮತ್ತು ಬೇರಿನ ಅಳತೆ ಒಂದಕ್ಕೊಂದು ಹೊಂದಬೇಕೆಂಬ ತತ್ತ್ವ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 1930ರ ದಶಕದ ಕೊನೆಯಲ್ಲಿ ಬಾಸ್ಟನ್ನಿನ ಆಲ್ವಿನ್ ಸ್ಟ್ರಾಕ್, ಕೋಬಾಲ್ಟ್ ಮತ್ತು ಕ್ರೋಮಿಯಂ ಬೆರೆತ ವೈಟಾಲಿಯಂ ಲೋಹದ ತಿರುಪುಗಳನ್ನು ನೆಟ್ಟ. 1967ರಲ್ಲಿ ನ್ಯೂಯಾರ್ಕಿನ ಲಿಯೋನಾರ್ಡ್ ಲಿಂಕೋ ತೆಳ್ಳಗಿನ ಅಲಗಿನಾಕಾರದ ಇಂಪ್ಲಾಂಟ್ ತಂದ. ಅತಿವೇಗದ ಡ್ರಿಲ್ಲಿನಿಂದ ದವಡೆಯಲ್ಲಿ ಉದ್ದನೆಯ ಸೀಳು ಮಾಡಿ, ಆ ಅಲಗನ್ನು ಮೆಲ್ಲಗೆ ಬಡಿದು ಕೂರಿಸುತ್ತಿದ್ದರು.

ಇವುಗಳಲ್ಲಿ ಕೆಲವು ಹತ್ತಾರು ವರ್ಷ ಬಾಳಿದವು, ಅನೇಕವು ಸಡಿಲವಾಗಿ ಬಿದ್ದವು. ಲೋಹ ಮತ್ತು ಮೂಳೆಯ ನಡುವೆ ಸಾಮಾನ್ಯವಾಗಿ ಮೆತ್ತನೆಯ ನಾರಿನ ಪದರವೊಂದು ಬೆಳೆಯುತ್ತಿತ್ತು. ನೈಸರ್ಗಿಕ ಹಲ್ಲಿನ ಬೇರಿನ ಸುತ್ತಲೂ ಇಂಥದೇ ಪದರವಿರುವುದರಿಂದ ಇದು ಒಳ್ಳೆಯ ಲಕ್ಷಣವೆಂದೇ ಹಲವರು ನಂಬಿದ್ದರು. ವಾಸ್ತವವಾಗಿ ಅದು ಗಾಯದ ಕಲೆಯಂಥ ಪದರ. ಮೂಳೆ ಆ ಲೋಹವನ್ನು ಒಪ್ಪಿಕೊಂಡಿರಲಿಲ್ಲ, ಬೇಲಿ ಹಾಕಿ ದೂರ ಇಟ್ಟಿತ್ತು.

ಮೊಲದ ಕಾಲಿನ ಕಿಟಕಿ

ಈ ನಂಬಿಕೆಯನ್ನು ಅಲುಗಿಸಿದವರು ದಂತವೈದ್ಯರಲ್ಲ. 1952ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ತರುಣ ಸಂಶೋಧಕರು ಮೂಳೆಯೊಳಗಿನ ರಕ್ತಸಂಚಾರವನ್ನು ಅಭ್ಯಸಿಸುತ್ತಿದ್ದರು. ಮೊಲದ ಕಾಲಿನ ಮೂಳೆಯಲ್ಲಿ ಟೈಟೇನಿಯಂ ಲೋಹದ ಪುಟ್ಟ ಕೋಶ ಕೂರಿಸಿ, ಅದರ ಗಾಜಿನ ಕಿಟಕಿಯ ಮೂಲಕ ಸೂಕ್ಷ್ಮದರ್ಶಕದಿಂದ ಜೀವಂತ ಮೂಳೆಯನ್ನು ನೋಡುವುದು ಅವರ ವಿಧಾನ. ಪ್ರಯೋಗ ಮುಗಿದ ಮೇಲೆ ದುಬಾರಿ ಕೋಶಗಳನ್ನು ತೆಗೆದು ಮತ್ತೆ ಬಳಸಬೇಕಿತ್ತು. ತೆಗೆಯಲು ಹೋದರೆ ಅವು ಬರಲೇ ಇಲ್ಲ. ಮೂಳೆ ಟೈಟೇನಿಯಮ್ಮಿನ ಮೇಲ್ಮೈಗೇ ಬೆಳೆದು ಅದನ್ನು ಹಿಡಿದುಕೊಂಡಿತ್ತು.

ಬ್ರೋನೆಮಾರ್ಕ್ ಈ ಅಡಚಣೆಯನ್ನೇ ಅಧ್ಯಯನದ ವಸ್ತುವಾಗಿ ಮಾಡಿಕೊಂಡರು. ಹತ್ತು ವರ್ಷಕ್ಕೂ ಮೀರಿದ ಪ್ರಾಣಿ ಪ್ರಯೋಗಗಳ ನಂತರ 1965ರಲ್ಲಿ ಗೋಥೆನ್‌ಬರ್ಗ್ ನಗರದಲ್ಲಿ ಮೊದಲ ರೋಗಿಗೆ ಚಿಕಿತ್ಸೆ ನಡೆಯಿತು. ಆತ ಯೋಸ್ತಾ ಲಾರ್ಸನ್. ಹುಟ್ಟಿನಿಂದಲೇ ಸೀಳಂಗುಳ, ದವಡೆಯ ವಿಕೃತಿ, ಹಲ್ಲುಗಳ ಕೊರತೆ ಇದ್ದ ಅವನಿಗೆ ಅಗಿಯುವುದು ಮಾತ್ರವಲ್ಲ, ಮಾತನಾಡುವುದೂ ಕಷ್ಟವಾಗಿತ್ತು. ಅವನ ಕೆಳದವಡೆಯಲ್ಲಿ ನಾಲ್ಕು ಟೈಟೇನಿಯಂ ತಿರುಪುಗಳನ್ನು ನೆಟ್ಟು, ತಿಂಗಳುಗಳ ಕಾಲ ಕಾದು, ಆ ಮೇಲೆ ಹಲ್ಲು ಕಟ್ಟಿದರು. 2006ರಲ್ಲಿ ಲಾರ್ಸನ್ ತೀರಿಕೊಂಡಾಗಲೂ ಆ ಬೇರುಗಳು ಕೆಲಸ ಮಾಡುತ್ತಿದ್ದವು. ನಲವತ್ತು ವರ್ಷ ಮೀರಿದ ಆಯಸ್ಸು!

ಅವರ ಯಶಸ್ಸಿಗೆ ಟೈಟೇನಿಯಂ ಒಂದೇ ಕಾರಣವೆಂದುಕೊಂಡರೆ ಅರ್ಧ ಸತ್ಯವಷ್ಟೇ ಕೈಗೆ ಸಿಕ್ಕಂತೆ. ಜೀವಂತ ಮೂಳೆಯನ್ನು ಕಿಟಕಿಯಿಂದ ವರ್ಷಗಟ್ಟಲೆ ನೋಡಿದ್ದ ಬ್ರೋನೆಮಾರ್ಕ್ ಅದರಲ್ಲಿ ರಕ್ತನಾಳಗಳನ್ನೂ ಜೀವಕೋಶಗಳನ್ನೂ ಕಂಡಿದ್ದರು. ಅದನ್ನು ಕಲ್ಲಿನಂತೆ ಕೊರೆಯಬಾರದು, ಗಾಯ ಮಾಡುವುದು ಅನಿವಾರ್ಯವಾದರೆ ಅತಿ ಕಡಿಮೆ ಗಾಯ ಮಾಡಬೇಕು ಎಂಬುದು ಅವರ ವಿಧಾನದ ತಿರುಳಾಯಿತು. ಜಗತ್ತಿನ ದಂತವೈದ್ಯರೆಲ್ಲ ನಿಮಿಷಕ್ಕೆ 3 ಲಕ್ಷ ಸುತ್ತಿನ ಹಿಂದೆ ಬಿದ್ದಿದ್ದ ಕಾಲದಲ್ಲಿ ಗೋಥೆನ್‌ಬರ್ಗಿನ ಬೈರಿಗೆ ನಿಮಿಷಕ್ಕೆ 2,000 ಸುತ್ತು ಮೀರದಂತೆ ತಿರುಗಿತು. ಕೊನೆಯ ಹಂತದಲ್ಲಂತೂ ಅದು 15ರಿಂದ 20 ಸುತ್ತಿಗೆ ಇಳಿಯಿತು. ಗಡಿಯಾರದ ಸೆಕೆಂಡಿನ ಮುಳ್ಳು ನಿಮಿಷಕ್ಕೆ ಒಂದು ಸುತ್ತು ಹಾಕುತ್ತದೆ. ಅದಕ್ಕಿಂತ ಹದಿನೈದಿಪ್ಪತ್ತು ಪಟ್ಟು ವೇಗ, ಅಷ್ಟೇ.

ಕೊರೆಯುವ ಕ್ರಮ

ಆ ಶಾಸ್ತ್ರೀಯ ಕ್ರಮ ಹೀಗಿತ್ತು. ವಸಡನ್ನು ಸೀಳಿ ಮೂಳೆಯನ್ನು ತೆರೆದ ಬಳಿಕ ಗುಂಡು ತಲೆಯ ಸಣ್ಣ ಡ್ರಿಲ್ಲಿನಿಂದ ಜಾಗ ಗುರುತಿಸಬೇಕು. ಬಡಗಿ ಮೊದಲು ಮೊಳೆಯಿಂದ ಗುರುತು ಮಾಡಿಕೊಳ್ಳುವಂತೆಯೇ ಇದು, ಬೈರಿಗೆ ಜಾರಬಾರದಲ್ಲ. ಅನಂತರ 2 ಮಿಲಿಮೀಟರ್ ದಪ್ಪದ ಸುರುಳಿ ಡ್ರಿಲ್ ಬೇಕಾದ ಆಳಕ್ಕೆ ಇಳಿಯುತ್ತದೆ. ದಿಕ್ಕು ಸರಿಯಿದೆಯೇ ಎಂದು ನೋಡಲು ಆ ರಂಧ್ರದಲ್ಲಿ ಒಂದು ಕಡ್ಡಿ ನಿಲ್ಲಿಸುತ್ತಾರೆ, ಮುಂದಿನ ರಂಧ್ರಗಳು ಅದಕ್ಕೆ ಸಮಾನಾಂತರವಾಗಿ ಬರಬೇಕು. ಬಳಿಕ ರಂಧ್ರದ ಬಾಯಿಯನ್ನು ಅಗಲಿಸುವ ಡ್ರಿಲ್, ಆ ಮೇಲೆ 3 ಮಿಲಿಮೀಟರಿನದು. ಒಂದೇ ಏಟಿಗೆ ದಪ್ಪ ಡ್ರಿಲ್ ಇಳಿಸುವುದಿಲ್ಲ. ಪ್ರತಿ ಹಂತದಲ್ಲಿ ಸ್ವಲ್ಪ ಸ್ವಲ್ಪವೇ ಮೂಳೆ ತೆಗೆದರೆ ಶಾಖ ಕಡಿಮೆ. ಕೊನೆಗೆ ತಿರುಪಿನ ಸುತ್ತುಗಳನ್ನು ಮೂಳೆಯಲ್ಲಿ ಮೊದಲೇ ಕೆತ್ತುವ ಉಪಕರಣವನ್ನು ನಿಮಿಷಕ್ಕೆ 15-20 ಸುತ್ತಿನಲ್ಲಿ ಇಳಿಸಿ, ಅದೇ ನಿಧಾನದಲ್ಲಿ 3.75 ಮಿಲಿಮೀಟರ್ ದಪ್ಪದ ಟೈಟೇನಿಯಂ ತಿರುಪನ್ನು ಕೂರಿಸಬೇಕು. ರಂಧ್ರಕ್ಕಿಂತ ತಿರುಪು ತುಸು ದಪ್ಪ, ಆದ್ದರಿಂದಲೇ ಅದು ಬಿಗಿಯಾಗಿ ನಿಲ್ಲುತ್ತದೆ.

ಈ ಎಲ್ಲ ಹೊತ್ತೂ ಉಪ್ಪುನೀರಿನ ಧಾರೆ, ಅಂದರೆ ಸಲೈನ್, ಡ್ರಿಲ್ಲಿನ ಮೇಲೆ ಸುರಿಯುತ್ತಿರಬೇಕು. ಡ್ರಿಲ್ಲನ್ನು ಒಂದೇ ಸಮನೆ ಒತ್ತಿ ಹಿಡಿಯದೆ ಬಾವಿಯಲ್ಲಿ ಬಿಂದಿಗೆ ಇಳಿಸಿ ಎತ್ತುವಂತೆ ಮೇಲೆ ಕೆಳಗೆ ಆಡಿಸಬೇಕು. ಎತ್ತಿದಾಗ ಸುರುಳಿಗೆ ಸಿಕ್ಕಿದ ಮೂಳೆಯ ಪುಡಿ ಹೊರಬರುತ್ತದೆ, ತಳಕ್ಕೆ ತಂಪು ನೀರು ಇಳಿಯುತ್ತದೆ. ಪುಡಿ ಕಟ್ಟಿಕೊಂಡರೆ ಡ್ರಿಲ್ ಕೊರೆಯುವುದನ್ನು ಬಿಟ್ಟು ಉಜ್ಜುತ್ತದೆ, ಉಜ್ಜಿದರೆ ಬಿಸಿ. ಮೊಂಡಾದ ಡ್ರಿಲ್ಲಿನದೂ ಇದೇ ದೋಷ. ಗಾಳಿಯಿಂದ ತಿರುಗುವ ಏರೋಟರಿಗೆ ಇಲ್ಲಿ ಪ್ರವೇಶವೇ ಇಲ್ಲ. ಅದರ ವೇಗವೂ ಹೆಚ್ಚು, ಅದು ಬಿಡುವ ಗಾಳಿ ತೆರೆದ ಗಾಯದ ಮೂಲಕ ಮಾಂಸದೊಳಗೆ ನುಗ್ಗುವ ಅಪಾಯವೂ ಉಂಟು.

ಎಷ್ಟು ಬಿಸಿಯಾದರೆ ಮೂಳೆ ಸಾಯುತ್ತದೆ? 1983ರಲ್ಲಿ ಎರಿಕ್ಸನ್ ಮತ್ತು ಆಲ್ಬ್ರೆಕ್ಟ್ಸನ್ ಎಂಬ ಗೋಥೆನ್‌ಬರ್ಗಿನ ಸಂಶೋಧಕರು ಮತ್ತೆ ಮೊಲದ ಕಾಲಿನ ಕಿಟಕಿಯನ್ನೇ ಬಳಸಿ ಇದಕ್ಕೆ ಉತ್ತರ ಕಂಡುಕೊಂಡರು. 47 ಡಿಗ್ರಿ ಸೆಲ್ಷಿಯಸ್ ಶಾಖ ಒಂದು ನಿಮಿಷ ತಗುಲಿದರೆ ಸಾಕು, ಅದೇ ಗಡಿ. ಅದನ್ನು ದಾಟಿದರೆ ಮೂಳೆಯ ಕೋಶಗಳು ನಾಶವಾಗಿ ಆ ಜಾಗದಲ್ಲಿ ಮತ್ತೆ ಸರಿಯಾದ ಮೂಳೆ ಬೆಳೆಯುವುದಿಲ್ಲ. ನಮ್ಮ ದೇಹದ ಉಷ್ಣತೆಯೇ 37 ಡಿಗ್ರಿ. ಅಂದರೆ ವೈದ್ಯರಿಗಿರುವ ಅವಕಾಶ ಕೇವಲ ಹತ್ತು ಡಿಗ್ರಿಯದು. ಮೊದಲಿನ ಇಂಪ್ಲಾಂಟುಗಳ ಸುತ್ತ ನಾರಿನ ಪದರ ಬೆಳೆಯುತ್ತಿದ್ದುದಕ್ಕೆ ಲೋಹ, ಆಕಾರ, ಅವಸರದ ಬಳಕೆ ಇವೆಲ್ಲದರ ಜೊತೆಗೆ ಬಿಸಿ ಬೈರಿಗೆಯ ಪಾಲೂ ಇತ್ತೆಂಬುದನ್ನು ಈ ಅಂಕಿ ಹೇಳುತ್ತದೆ.

ವೇಗವೊಂದೇ ಖಳನಾಯಕ ಎನ್ನುವಂತೆಯೂ ಇಲ್ಲ. 1972ರಲ್ಲಿ ಮ್ಯಾಥ್ಯೂಸ್ ಮತ್ತು ಹಿರ್ಷ್ ಮನುಷ್ಯರ ಮೂಳೆಯನ್ನು ಕೊರೆದು ಅಳೆದಾಗ, ಸುತ್ತಿನ ವೇಗಕ್ಕಿಂತ ಕೈಯ ಒತ್ತಡದ ಪ್ರಭಾವವೇ ಹೆಚ್ಚೆಂದು ಕಂಡರು. ಹಗುರವಾಗಿ ಒತ್ತಿದರೆ ಡ್ರಿಲ್ ಹೆಚ್ಚು ಹೊತ್ತು ಉಜ್ಜುತ್ತದೆ, ಬಿಸಿಯೂ ಹೆಚ್ಚು ಹೊತ್ತು ಉಳಿಯುತ್ತದೆ. ಹದವಾಗಿ ಒತ್ತಿದರೆ ಬೇಗ ಕೊರೆದು ಮುಗಿಯುತ್ತದೆ. ಮೊಂಡು ಡ್ರಿಲ್ ಬಿಸಿ ಏರಿಸುತ್ತದೆ, ನೀರು ಇಳಿಸುತ್ತದೆ ಎಂಬುದನ್ನೂ ಅವರು ತೋರಿಸಿದರು. ಹೀಗೆ ವೇಗ, ಒತ್ತಡ, ಹರಿತ, ನೀರು ಈ ನಾಲ್ಕರ ಹದವೇ ಈ ವಿದ್ಯೆ.

ಕೆಳದವಡೆಯ ಗುಣ, ಕೆಳದವಡೆಯ ಗಂಡಾಂತರ

ಬ್ರೋನೆಮಾರ್ಕ್ ಬಳಗದ ಮೊದಲ ಯಶಸ್ಸುಗಳು ಕೆಳದವಡೆಯ ಮುಂಭಾಗದಲ್ಲಿ ಬಂದದ್ದು ಆಕಸ್ಮಿಕವಲ್ಲ. ಅಲ್ಲಿನ ಮೂಳೆ ಗಟ್ಟಿಮುಟ್ಟಾದದ್ದು, ತಿರುಪನ್ನು ಬಿಗಿಯಾಗಿ ಹಿಡಿಯುತ್ತದೆ. 1981ರಲ್ಲಿ ಅವರ ಬಳಗ 15 ವರ್ಷಗಳ ಅನುಭವವನ್ನು ಪ್ರಕಟಿಸಿತು: 371 ರೋಗಿಗಳು, 410 ಬೋಳು ದವಡೆಗಳು, 2,768 ತಿರುಪುಗಳು. ಐದರಿಂದ ಒಂಬತ್ತು ವರ್ಷ ಗಮನಿಸಿದವುಗಳಲ್ಲಿ ಮೇಲ್ದವಡೆಯ ಶೇ. 81, ಕೆಳದವಡೆಯ ಶೇ. 91ರಷ್ಟು ತಿರುಪುಗಳು ಗಟ್ಟಿಯಾಗಿ ನಿಂತಿದ್ದವು. ನೆಟ್ಟ ಮೇಲೆ ಕೆಳದವಡೆಗೆ ಮೂರ್ನಾಲ್ಕು ತಿಂಗಳು, ಮೆತ್ತಗಿನ ಮೇಲ್ದವಡೆಗೆ ಆರು ತಿಂಗಳು ವಿಶ್ರಾಂತಿ ಕೊಡಬೇಕೆಂಬ ನಿಯಮವೂ ಈ ವ್ಯತ್ಯಾಸದಿಂದಲೇ ಬಂತು.

ಆದರೆ ಈ ಗಟ್ಟಿತನವೇ ಇನ್ನೊಂದು ಬಗೆಯಲ್ಲಿ ತೊಡಕು. ಮೂಳೆ ಗಟ್ಟಿಯಾದಷ್ಟೂ ಕೊರೆಯುವಾಗ ಬಿಸಿ ಹೆಚ್ಚು, ಅದರೊಳಗಿನ ರಕ್ತಸಂಚಾರವೋ ಕಡಿಮೆ. 1985ರಲ್ಲಿ ಲೆಕ್‌ಹೋಮ್ ಮತ್ತು ಜಾರ್ಬ್ ದವಡೆಯ ಮೂಳೆಯನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿದರು. ಒಂದನೆಯದು ಬಹುಪಾಲು ಗಟ್ಟಿ ಮೂಳೆ, ನಾಲ್ಕನೆಯದು ತೆಳು ತೊಗಟೆಯೊಳಗೆ ಸ್ಪಂಜಿನಂಥ ಸಡಿಲ ಮೂಳೆ. ಅಂದಿನಿಂದ ಎಲ್ಲರಿಗೂ ಒಂದೇ ಕ್ರಮ ಎಂಬುದು ಹೋಗಿ ಮೂಳೆಗೆ ತಕ್ಕ ಬೈರಿಗೆ ಎಂಬುದು ಬಂತು. ಸಡಿಲ ಮೂಳೆಯಲ್ಲಿ ರಂಧ್ರವನ್ನು ಬೇಕೆಂದೇ ತುಸು ಕಿರಿದು ಮಾಡುತ್ತಾರೆ. ಗಟ್ಟಿ ಮೂಳೆಯಲ್ಲಿ ಹಾಗೆ ಮಾಡಿದರೆ ತಿರುಪು ಅತಿಯಾಗಿ ಬಿಗಿದು ಸುತ್ತಲಿನ ಮೂಳೆ ನಲುಗುತ್ತದೆ. ಅಲ್ಲಿ ಪೂರ್ಣ ಅಳತೆಗೆ ಕೊರೆದು, ಸುತ್ತುಗಳನ್ನು ಮೊದಲೇ ಕೆತ್ತುವುದು ಕ್ಷೇಮ.

ಕೆಳದವಡೆಯ ದೊಡ್ಡ ಗಂಡಾಂತರ ಅದರ ಹಿಂಭಾಗದಲ್ಲಿದೆ. ದವಡೆಹಲ್ಲುಗಳ ಬೇರಿನ ಕೆಳಗೆ ಮೂಳೆಯೊಳಗೊಂದು ಸುರಂಗವುಂಟು. ಅದರಲ್ಲಿ ಕೆಳತುಟಿ ಮತ್ತು ಗಲ್ಲಕ್ಕೆ ಸ್ಪರ್ಶಜ್ಞಾನ ಕೊಡುವ ನರ ಹರಿಯುತ್ತದೆ. ಕೋರೆಹಲ್ಲಿನ ಹಿಂದೆ, ಕಿರುದವಡೆಹಲ್ಲುಗಳ ಬಳಿ ಅದು ಒಂದು ಕಿಂಡಿಯಿಂದ ಹೊರಬರುತ್ತದೆ. ಡ್ರಿಲ್ ಒಂದೆರಡು ಮಿಲಿಮೀಟರ್ ಹೆಚ್ಚು ಇಳಿದರೆ ನರಕ್ಕೆ ಪೆಟ್ಟು. ಆಗ ತುಟಿ ಜೋಮು ಹಿಡಿದಂತಾಗುತ್ತದೆ. ಕೆಲವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಶಾಶ್ವತ. ಕಾಫಿ ಕುಡಿದರೆ ತುಟಿಯಂಚಿನಿಂದ ಸೋರಿದ್ದು ತಿಳಿಯದು, ತುಟಿ ಕಚ್ಚಿಕೊಂಡದ್ದು ತಿಳಿಯದು. ಅಗಿಯುವ ಸುಖಕ್ಕಾಗಿ ಹೋದವರು ತುಟಿಯ ಸ್ಪರ್ಶವನ್ನೇ ಕಳೆದುಕೊಳ್ಳುವುದು ಸಣ್ಣ ನಷ್ಟವಲ್ಲ. ಆದ್ದರಿಂದಲೇ ರಂಧ್ರದ ತಳಕ್ಕೂ ನರದ ಸುರಂಗಕ್ಕೂ ನಡುವೆ ಕನಿಷ್ಠ 2 ಮಿಲಿಮೀಟರ್ ಬಿಡಬೇಕೆಂಬ ನಿಯಮ ರೂಢಿಗೆ ಬಂದಿದೆ. ಡ್ರಿಲ್ಲಿನ ಮೊನೆ ತಿರುಪಿಗಿಂತ ತುಸು ಆಳಕ್ಕೆ ಹೋಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಾಲಿಗೆಯ ಕಡೆಗೂ ಒಂದು ಅಪಾಯವಿದೆ. ಕೆಳದವಡೆಯ ಒಳಮೈ ಹಲವೆಡೆ ಬಟ್ಟಲಿನಂತೆ ಒಳಗೆ ಬಾಗಿದೆ, ಹೊರಗಿನಿಂದ ನೋಡಿದರೆ ಅದು ತಿಳಿಯದು. ಡ್ರಿಲ್ ಓರೆಯಾಗಿ ಆ ಗೋಡೆಯನ್ನು ತೂರಿ ಹೋಗಿ ಅಲ್ಲಿನ ರಕ್ತನಾಳವನ್ನು ಹರಿದರೆ, ರಕ್ತ ನಾಲಿಗೆಯಡಿ ತುಂಬಿಕೊಂಡು ನಾಲಿಗೆಯನ್ನೇ ಮೇಲೆತ್ತಿ ಉಸಿರಾಟಕ್ಕೆ ಅಡ್ಡಿಯಾಗಬಹುದು. ಇದು ಅಪರೂಪ. ಆದರೆ ಇಂಥ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಫಿರಂಗಿಯ ಕಂಪನಿ, ಟೊರಾಂಟೋ ಸಭೆ

ಇಷ್ಟೆಲ್ಲ ಸಿದ್ಧಿಸಿದ್ದರೂ ಬ್ರೋನೆಮಾರ್ಕ್ ಅವರಿಗೆ ಮನ್ನಣೆ ಸುಲಭವಾಗಿ ಸಿಗಲಿಲ್ಲ. ಸ್ವತಃ ದಂತವೈದ್ಯರಲ್ಲದವರು ಬಾಯಿಗೆ ಕೈಹಾಕಿದ್ದನ್ನು ಸ್ವೀಡನ್ನಿನ ದಂತವೈದ್ಯ ವಲಯ ಬಹುಕಾಲ ಶಂಕೆಯಿಂದಲೇ ನೋಡಿತು. 1978ರಲ್ಲಿ ತಿರುಪುಗಳ ತಯಾರಿಕೆಗೆ ಅವರೊಡನೆ ಕೈಜೋಡಿಸಿದ್ದು ಬೋಫೋರ್ಸ್ ಕಂಪನಿ. 1986ರ ಫಿರಂಗಿ ಖರೀದಿಯಿಂದಾಗಿ ಭಾರತೀಯರಿಗೆಲ್ಲ ಪರಿಚಿತವಾದ ಅದೇ ಬೋಫೋರ್ಸ್! ಲೋಹವನ್ನು ಸೂಕ್ಷ್ಮ ಅಳತೆಗೆ ಕಡೆಯುವ ವಿದ್ಯೆ ಫಿರಂಗಿಗೂ ಬೇಕು, ಹಲ್ಲಿನ ಬೇರಿಗೂ ಬೇಕು.

1982ರಲ್ಲಿ ಕೆನಡಾದ ಟೊರಾಂಟೋದಲ್ಲಿ ಜಾರ್ಜ್ ಜಾರ್ಬ್ ಏರ್ಪಡಿಸಿದ ಸಮ್ಮೇಳನ ಚಿತ್ರವನ್ನೇ ಬದಲಿಸಿತು. ಜಾರ್ಬ್ ತಮ್ಮ ವಿಶ್ವವಿದ್ಯಾನಿಲಯದಲ್ಲಿ ಸ್ವೀಡಿಷ್ ವಿಧಾನವನ್ನು ಸ್ವತಂತ್ರವಾಗಿ ಪುನರಾವರ್ತಿಸಿ ನೋಡಿದ್ದರು. ಒಬ್ಬರ ಕೈಚಳಕವಾಗಿದ್ದ ವಿದ್ಯೆ, ಯಾರು ಬೇಕಾದರೂ ಕ್ರಮಬದ್ಧವಾಗಿ ಕಲಿಯಬಹುದಾದ ಶಾಸ್ತ್ರವಾಯಿತು. ಅಲ್ಲಿಂದ ಮುಂದೆ ಇಂಪ್ಲಾಂಟ್ ಜಗತ್ತಿನಾದ್ಯಂತ ಹಬ್ಬಿತು. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಸೇರಿದ ತಜ್ಞರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹಲ್ಲಿಲ್ಲದ ಕೆಳದವಡೆಗೆ ಬರಿಯ ಸೆಟ್ಟು ಇನ್ನು ಮೊದಲ ಆಯ್ಕೆಯಾಗಬಾರದು. ಮುಂಭಾಗದಲ್ಲಿ ಎರಡು ಇಂಪ್ಲಾಂಟ್ ನೆಟ್ಟು ಅವಕ್ಕೆ ಸೆಟ್ಟನ್ನು ಗುಂಡಿಯಂತೆ ಸಿಕ್ಕಿಸುವುದೇ ಮೊದಲ ಆಯ್ಕೆಯಾಗಬೇಕು ಎಂದರು. ಬಾಯಿ ತುಂಬ ಇಂಪ್ಲಾಂಟ್ ಬೇಕಿಲ್ಲ, ಸರಿಯಾದ ಜಾಗದಲ್ಲಿ ಎರಡೇ ರಂಧ್ರ ಸಾಕು ಎಂಬ ಈ ಮಾತು ಸಾಮಾನ್ಯ ವರಮಾನದವರ ದೃಷ್ಟಿಯಿಂದ ಬಹು ಮುಖ್ಯವಾದದ್ದು.

ಹೊಸ ಕಣ್ಣು, ಹಳೆಯ ತತ್ತ್ವ

ಆಮೇಲಿನ ಬದಲಾವಣೆಗಳಲ್ಲಿ ಅತಿ ಮುಖ್ಯವಾದದ್ದು ನೋಡುವ ವಿಧಾನದ್ದು. ಚಪ್ಪಟೆಯಾದ ಕ್ಷಕಿರಣ ಚಿತ್ರ ದವಡೆಯ ಉದ್ದ ಎತ್ತರ ತೋರುತ್ತದೆ, ದಪ್ಪ ತೋರದು. ಅದರಲ್ಲಿ ಅಳತೆಯೂ ಹಿಗ್ಗಿರುತ್ತದೆ. 1998ರಲ್ಲಿ ಇಟಲಿಯ ಸಂಶೋಧಕರು ವರ್ಣಿಸಿದ, ಶಂಕುವಿನಾಕಾರದ ಕಿರಣ ಬಳಸುವ ಸಿ.ಟಿ. ಯಂತ್ರ ದವಡೆಯನ್ನು ಮೂರು ಆಯಾಮಗಳಲ್ಲಿ ತೋರಿಸಿತು. ನರದ ಸುರಂಗ ಎಲ್ಲಿ, ಒಳಗೋಡೆ ಎಷ್ಟು ಬಾಗಿದೆ ಎಂಬುದನ್ನು ಈಗ ಕೊರೆಯುವ ಮೊದಲೇ ಅಳೆಯಬಹುದು. ಆ ಚಿತ್ರದ ಆಧಾರದಿಂದ ಪ್ಲಾಸ್ಟಿಕ್ ಅಚ್ಚು ಮಾಡಿ, ಅದರ ತೂತಿನ ಮೂಲಕವೇ ಡ್ರಿಲ್ ಇಳಿಸುವ ಪದ್ಧತಿಯೂ ಬಂದಿದೆ. ಆದರೆ ಅಚ್ಚು ಮೇಲೆ ಕೂತಾಗ ತಂಪು ನೀರು ತಳಕ್ಕೆ ಇಳಿಯುವುದು ಕಷ್ಟ. ದಿಕ್ಕಿನ ತೊಡಕು ಬಗೆಹರಿದಲ್ಲಿ ಬಿಸಿಯ ತೊಡಕು ಮತ್ತೆ ತಲೆಯೆತ್ತುತ್ತದೆ.

2003ರಲ್ಲಿ ಪೋರ್ಚುಗಲ್ಲಿನ ಪಾವ್ಲೋ ಮಾಲೋ, ಪೂರ್ತಿ ಹಲ್ಲಿಲ್ಲದ ಕೆಳದವಡೆಗೆ ನಾಲ್ಕೇ ಇಂಪ್ಲಾಂಟ್ ಸಾಕೆಂಬ ವಿಧಾನ ಪ್ರಕಟಿಸಿದರು. ಮುಂದಿನ ಎರಡು ನೇರ. ಹಿಂದಿನ ಎರಡನ್ನು ನರದ ಕಿಂಡಿ ತಪ್ಪಿಸಿ ಹಿಂದಕ್ಕೆ ವಾಲಿಸಿ ಕೊರೆಯುವುದು ಇದರ ಉಪಾಯ. ಗಟ್ಟಿ ಮೂಳೆಯಲ್ಲಿ ಬಿಗಿಯಾಗಿ ಕೂತವರಿಗೆ ತಿಂಗಳುಗಟ್ಟಲೆ ಕಾಯಿಸದೆ ಬೇಗನೆ ತಾತ್ಕಾಲಿಕ ಹಲ್ಲು ಕೊಡುವುದೂ ಸಾಧ್ಯವಾಯಿತು. ಇನ್ನು ಕೆಲವರು ನೀರೇ ಇಲ್ಲದೆ ನಿಮಿಷಕ್ಕೆ 50 ಸುತ್ತಿನಷ್ಟು ನಿಧಾನವಾಗಿ ಕೊರೆದು, ಬಂದ ಮೂಳೆಪುಡಿಯನ್ನು ರೋಗಿಗೇ ಮರಳಿ ಬಳಸುತ್ತಾರೆ. ಮತ್ತೆ ಕೆಲವರು ಡ್ರಿಲ್ಲನ್ನು ಹಿಮ್ಮುಖವಾಗಿ ತಿರುಗಿಸಿ, ಮೂಳೆಯನ್ನು ತೆಗೆಯುವ ಬದಲು ಪಕ್ಕಕ್ಕೆ ಒತ್ತರಿಸುತ್ತಾರೆ. ಇದು ಸಡಿಲ ಮೂಳೆಗೆ ಒಪ್ಪುವ ವಿಧಾನ, ಕೆಳದವಡೆಯ ಮುಂಭಾಗದ ಗಟ್ಟಿ ಮೂಳೆಗೆ ಅದರ ಅಗತ್ಯ ಕಡಿಮೆ. 2017ರಲ್ಲಿ ಚೀನಾದ ಷಿಯಾನ್ ನಗರದಲ್ಲಿ ಯಂತ್ರಮಾನವನೇ ಮಹಿಳೆಯೊಬ್ಬರಿಗೆ ಎರಡು ಇಂಪ್ಲಾಂಟ್ ನೆಟ್ಟ ವರದಿಯೂ ಬಂತು. ಉಪಕರಣಗಳು ಎಷ್ಟು ಬದಲಾದರೂ ಮೂಳೆ ಬದಲಾಗಿಲ್ಲ. ಯಂತ್ರಮಾನವನ ಡ್ರಿಲ್ಲಿಗೂ ಅದೇ 47 ಡಿಗ್ರಿಯ ಗಡಿ.

2014ರ ಡಿಸೆಂಬರಿನಲ್ಲಿ ಬ್ರೋನೆಮಾರ್ಕ್ ತಮ್ಮ 85ನೆಯ ವಯಸ್ಸಿನಲ್ಲಿ ನಿಧನರಾದರು. ಅಷ್ಟರಲ್ಲಿ ಅವರ ವಿದ್ಯೆ ದೊಡ್ಡ ಉದ್ಯಮವಾಗಿ ಬೆಳೆದಿತ್ತು. ನಮ್ಮ ನಗರಗಳಲ್ಲಿಯೂ ‘ಒಂದೇ ದಿನದಲ್ಲಿ ಹಲ್ಲು’ ಎಂಬ ಫಲಕಗಳು ಈಗ ಕಾಣುತ್ತವೆ. ಅವು ಸುಳ್ಳೆನ್ನಲಾಗದು, ತಕ್ಕ ಮೂಳೆ ಇದ್ದವರಿಗೆ ಅದು ಸಾಧ್ಯವೇ. ಆದರೆ ಎಲ್ಲರ ಮೂಳೆಯೂ ಅಂಥದಲ್ಲ. ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಇದ್ದವರಲ್ಲಿ, ಬೀಡಿ ಸಿಗರೇಟು ಸೇದುವವರಲ್ಲಿ ಗಾಯ ಮಾಯುವುದು ತಡ, ಇಂಪ್ಲಾಂಟ್ ಸೋಲುವ ಸಂಭವವೂ ಹೆಚ್ಚು. ಮೂಳೆ ಸವೆತಕ್ಕೆ ಕೆಲವು ಬಗೆಯ ಔಷಧ ತೆಗೆದುಕೊಳ್ಳುವವರು, ದವಡೆಗೆ ವಿಕಿರಣ ಚಿಕಿತ್ಸೆ ಆದವರು ಅದನ್ನು ವೈದ್ಯರಿಗೆ ಮೊದಲೇ ಹೇಳಲೇಬೇಕು. ನರದಿಂದ ಎಷ್ಟು ದೂರದಲ್ಲಿ ಕೊರೆಯುತ್ತೀರಿ, ನನ್ನ ಮೂಳೆ ಎಂಥದು, ಎಷ್ಟು ತಿಂಗಳು ಕಾಯಬೇಕು ಎಂದು ಕೇಳುವ ಹಕ್ಕು ಕುರ್ಚಿಯಲ್ಲಿ ಕೂರುವ ಪ್ರತಿಯೊಬ್ಬರಿಗೂ ಇದೆ. ಒಳ್ಳೆಯ ವೈದ್ಯರು ಆ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಅವರಿಗೂ ಗೊತ್ತಿದೆ: ಬೈರಿಗೆ ಮಾಡುವುದು ತೂತನ್ನು ಮಾತ್ರ, ಬೇರನ್ನು ಹಿಡಿದುಕೊಳ್ಳುವ ಕೆಲಸ ಮೂಳೆಯದು, ಮೂಳೆಗೆ ಅದರದೇ ಆದ ಕಾಲ ಬೇಕು.